ರನ್‌ವೇ ಮೇಲಿನ ಅರೆಸ್ಟರ್ ಕೇಬಲ್: ಚಿಕ್ಕ ವಿಮಾನ ದಾಟಬಹುದೇ?

ಪ್ರಶ್ನೆ:
ವಾಯುಪಡೆ ಮತ್ತು ನಾಗರಿಕ ವಿಮಾನಗಳೆರಡೂ ಬಳಸುವ ನಿಲ್ದಾಣಕ್ಕೆ ಎರಡು ಸೀಟಿನ ವಿಮಾನ ಒಯ್ಯಬೇಕಿದೆ. ನೋಸ್ ವೀಲ್ (ಮೂಗಿನ ಕೆಳಗೆ ಗಾಲಿ ಇರುವ) ವಿಮಾನ, ಗಾಲಿಗಳಿಗೆ ಫೇರಿಂಗ್ (ಹೊದಿಕೆ) ಇದೆ. ರನ್‌ವೇ 2,700 ಮೀಟರ್, ಎರಡೂ ತುದಿಗಳಿಂದ 400 ಮೀಟರ್ ದೂರದಲ್ಲಿ ಅಡ್ಡಲಾಗಿ ಅರೆಸ್ಟರ್ ಕೇಬಲ್, ಅಂದರೆ ಫೈಟರ್‌ನ ಬಾಲದ ಕೊಕ್ಕೆಗೆ ಸಿಕ್ಕಿ ಅದನ್ನು ತಡೆದು ನಿಲ್ಲಿಸುವ ಹಗ್ಗ. ಫೈಟರ್‌ಗಳು ಅದರ ಮೇಲೆಯೇ ಓಡುತ್ತವಲ್ಲ, ನಮಗೇನು ತೊಂದರೆ? ಇನ್ನೊಂದು: ರನ್‌ವೇ ಅಂಚಿನ ದೀಪಗಳು ತಾಗಿದರೆ ಮುರಿದುಬೀಳುವಂತೆಯೇ ಇರುತ್ತವಂತೆ. ಹಾಗಾದರೆ ಅವುಗಳ ಚಿಂತೆ ಬೇಡವೇ?

ಉತ್ತರ 1:
ಫೈಟರ್‌ನ ಲೆಕ್ಕ ನಿಮ್ಮ ವಿಮಾನಕ್ಕೆ ಹಿಡಿಯಬೇಡಿ. ಕೇಬಲ್ ಎಂದರೆ 25–32 ಮಿ.ಮೀ. ದಪ್ಪದ ಉಕ್ಕಿನ ಹಗ್ಗ. ಕೊಕ್ಕೆಗೆ ಸಿಗಲೆಂದು ರಬ್ಬರ್ ಬಿಲ್ಲೆಗಳ ಮೇಲೆ ಐದಾರು ಸೆಂ.ಮೀ. ಎತ್ತರಿಸಿ ಬಿಗಿದಿರುತ್ತಾರೆ. ಚಿಕ್ಕ ಗಾಲಿಗೆ ಅದು ಮೆಟ್ಟಿಲೇ ಸರಿ, ಫೇರಿಂಗ್‌ನ ಕೆಳಅಂಚು ಮೊದಲು ಒಡೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಕೇಬಲ್ ಚಿಮ್ಮುವುದು. ನೋಸ್ ವೀಲ್ ಒತ್ತಿ ಬಿಟ್ಟ ಕೂಡಲೇ ಅದು ಮೇಲೆದ್ದು ವಿಮಾನದ ಹೊಟ್ಟೆಗೋ ಬ್ರೇಕ್ ಪೈಪಿಗೋ ಬಡಿಯಬಹುದು. ಟೈಲ್ ವೀಲ್ ವಿಮಾನವಾದರೆ ಬಾಲದ ಗಾಲಿಗೇ ಸಿಕ್ಕಿಕೊಳ್ಳಬಹುದು.

ಕೇಬಲ್ ದಾಟಿದ ಮೇಲೆಯೇ ಇಳಿಯಿರಿ. ರನ್‌ವೇ ಅಗಲಕ್ಕೂ ಸಾಲಾಗಿ ಬಳಿದ, ಸುಮಾರು 3 ಮೀಟರ್ ವ್ಯಾಸದ ಹಳದಿ ವೃತ್ತಗಳು ಅದರ ಗುರುತು. ಅಲ್ಲಿಂದ ನೂರೈವತ್ತು ಮೀಟರ್ ಮುಂದೆ ಗುರಿ ಇಡಿ. ಆಚೆ ತುದಿಯ ಕೇಬಲ್‌ವರೆಗೆ ಇನ್ನೂ 1,750 ಮೀಟರ್ ಉಳಿಯುತ್ತದೆ, ಅದು ಧಾರಾಳ. ಆ ಕೇಬಲ್‌ಗೆ ಮೊದಲೇ ರನ್‌ವೇ ಬಿಡಿ. ಟೇಕಾಫ್‌ಗೂ ಕೇಬಲ್ ದಾಟಿದ ಮೇಲೆ ರನ್‌ವೇಗೆ ಸೇರುವ ಟ್ಯಾಕ್ಸಿವೇಯಿಂದ ಹೊರಡಲು ಕೇಳಿ, ಲೆಕ್ಕವನ್ನು ಉಳಿದ ಉದ್ದಕ್ಕೇ ಹಾಕಿ.

ಉತ್ತರ 2:
ದಾಟಲೇಬೇಕಾಗಿ ಬಂದರೆ: ನಡಿಗೆಯ ವೇಗ, ಥ್ರಾಟಲ್ ಐಡಲ್ (ಎಂಜಿನ್ ಕನಿಷ್ಠ ವೇಗದಲ್ಲಿ), ನಿಯಂತ್ರಣ ಸ್ಟಿಕ್ ಹಿಂದಕ್ಕೆ, ಕೇಬಲ್‌ಗೆ ನೇರವಾಗಿ. ಗಾಲಿ ಅದರ ಮೇಲಿರುವಾಗ ಬ್ರೇಕ್ ಮುಟ್ಟಲೇಬೇಡಿ. ಬ್ರೇಕ್ ಹಿಡಿದರೆ ಮೂಗು ತಗ್ಗುತ್ತದೆ, ನೋಸ್ ವೀಲ್ ವಿಮಾನಗಳಲ್ಲಿ ಪ್ರೊಪೆಲರ್ ತುದಿಗೂ ನೆಲಕ್ಕೂ ಇರಬೇಕಾದ ಕನಿಷ್ಠ ಅಂತರವೇ 18 ಸೆಂ.ಮೀ.

ಕೆಲವು ಕಡೆ ಕೇಬಲ್ ಅನ್ನು ರನ್‌ವೇಯ ಸೀಳಿನೊಳಗೆ ಇಳಿಸುವ ವ್ಯವಸ್ಥೆ ಇದೆ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ನೋಡಿ, ಹಿಂದಿನ ದಿನವೇ ಫೋನ್ ಮಾಡಿ, ಫೈನಲ್‌ಗೆ (ಇಳಿಯುವ ಮುನ್ನ ರನ್‌ವೇಗೆ ನೇರವಾಗುವ ಕೊನೆಯ ಹಂತಕ್ಕೆ) ಬರುವ ಮೊದಲು ಕೇಬಲ್ ಮೇಲಿದೆಯೋ ಕೆಳಗಿದೆಯೋ ಎಂದು ಟವರನ್ನು ಮತ್ತೆ ಕೇಳಿ.

ಉತ್ತರ 3:
ದೀಪಗಳ ವಿಷಯ. ಮುರಿಯುವ ಜೋಡಣೆ ಇರುವುದು ವಿಮಾನ ಮಗುಚದಿರಲಿ ಎಂದು, ನಿಮ್ಮ ಪ್ರೊಪೆಲರ್ ಉಳಿಯಲಿ ಎಂದಲ್ಲ. ದೀಪ 35 ಸೆಂ.ಮೀ.ವರೆಗೂ ಎತ್ತರ ಇರಬಹುದು. ಮೇಲೆ ಹೇಳಿದ 18 ಸೆಂ.ಮೀ. ಜೊತೆ ಹೋಲಿಸಿ ನೋಡಿ. ಎಂಜಿನ್ ಓಡುತ್ತಿರುವಾಗ ಬ್ಲೇಡ್ ತಾಗಿದರೆ, ಎಂಜಿನ್ ನಿಲ್ಲದಿದ್ದರೂ ಅದು ಪ್ರಾಪ್ ಸ್ಟ್ರೈಕ್. ಬ್ಲೇಡಿನ ಗಾಯ ಉಜ್ಜಿ ಹಾರಿಸುವಂತಿಲ್ಲ, ತಯಾರಕರು ಹೇಳಿದ ಪ್ರಕಾರ ಎಂಜಿನ್ ತಪಾಸಣೆ ಆಗಲೇಬೇಕು, ಕ್ರ್ಯಾಂಕ್‌ಶಾಫ್ಟ್ ಬಿರುಕು ಹೊರಗೆ ಕಾಣುವುದಿಲ್ಲ. ಲೋ ವಿಂಗ್ (ರೆಕ್ಕೆ ಕೆಳಗಿರುವ) ವಿಮಾನವಾದರೆ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಭಾಗ) ಅನ್ನೂ ನೋಡಿ.

ಅಂಚು ದಾಟಿ ಜಾರಿದರೆ ಎಂಜಿನ್ ಆಫ್ ಮಾಡಿ, ಟವರ್‌ಗೆ ತಿಳಿಸಿ. ಮುರಿದ ದೀಪವನ್ನು ಎತ್ತಿಡಲು ಹೋಗಬೇಡಿ. ಇವು ಸಾಮಾನ್ಯವಾಗಿ ಸರಣಿ ಸರ್ಕ್ಯೂಟ್‌ನಲ್ಲಿರುತ್ತವೆ, ರೆಗ್ಯುಲೇಟರ್ 6.6 ಆಂಪಿಯರ್ ಕರೆಂಟ್ ಕಾಯ್ದುಕೊಳ್ಳಲು ವೋಲ್ಟೇಜ್ ಏರಿಸುತ್ತದೆ, ತುಂಡಾದ ವೈರ್ ಪ್ರಾಣ ತೆಗೆಯಬಹುದು. ಚೂರುಗಳನ್ನು ಗುಡಿಸಿ ತೆಗೆಯುವವರೆಗೆ ಆ ರನ್‌ವೇಗೆ ಇನ್ನೊಂದು ವಿಮಾನ ಬರಬಾರದು, ಆದ್ದರಿಂದ ಏನು ಒಡೆದಿದೆ ಎಂಬುದನ್ನು ರೇಡಿಯೊದಲ್ಲೇ ಸ್ಪಷ್ಟವಾಗಿ ಹೇಳಿ.