ಐವಾರ್ಪ್ ಕಾರ್ಡಿಗೂ ಕರ್ನಲ್ಲಿಗೂ ಒಂದೇ ಪೋರ್ಟ್: ಏನ್ ಮಾಡಬೇಕ್ರಿ?

ಗೋಕುಲ ರೋಡ್, ಹುಬ್ಬಳ್ಳಿ: ಎರಡು ಲಿನಕ್ಸ್ ಸರ್ವರ್, ಎರಡರಾಗೂ ಐವಾರ್ಪ್ (ಆರ್‌ಡಿಎಂಎ ಮಾಡೋ ನೆಟ್‌ವರ್ಕ್) ಕಾರ್ಡ್. ನಮ್ಮ ಸ್ಟೋರೇಜ್ ಪ್ರೋಗ್ರಾಂ ಆರ್‌ಡಿಎಂಎ (ಒಂದು ಮಷೀನಿನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರ ಡೇಟಾ ಕಳಿಸೋ ಪದ್ಧತಿ) ಮ್ಯಾಲ 9000 ಪೋರ್ಟಿನಾಗ ಕೂಡತದ. ಅದೇ 9000ದಾಗ ಒಂದು ವೆಬ್ ಡ್ಯಾಶ್‌ಬೋರ್ಡೂ ಎದ್ದದ, ಎರಡಕ್ಕೂ ಎರರ್ ಬರಲಿಲ್ಲ. ಸರ್ವರಿನಾಗ ಕೂತು ತೆಗೆದ್ರ ಡ್ಯಾಶ್‌ಬೋರ್ಡ್ ಬರತದ, ಇನ್ನೊಂದು ಮಷೀನಿನಿಂದ ತೆಗೆದ್ರ ಕನೆಕ್ಷನ್ ಕಟ್. ಫೈರ್‌ವಾಲ್ ಪೂರ್ತಿ ತೆಗೆದು ನೋಡೀವಿ. ಅನುಭವ ಇದ್ದವರು ಹೇಳ್ರಿ.

ಸಾಧನಕೇರಿ, ಧಾರವಾಡ: ಫೈರ್‌ವಾಲ್ ಬಿಡ್ರಿ, ಅದು ಇಲ್ಲಿ ಲೆಕ್ಕಕ್ಕs ಇಲ್ಲ. ಐವಾರ್ಪ್ ಓಡೋದು ಟಿಸಿಪಿ (ನೆಟ್‌ವರ್ಕ್ ಕನೆಕ್ಷನ್ ನಡೆಸೋ ನಿಯಮ) ಮ್ಯಾಲ, ಆದ್ರ ಆ ಟಿಸಿಪಿ ಕಾರ್ಡಿನೊಳಗಿಂದು. ಆರ್‌ಡಿಎಂಎ ಸಿಎಂ (ಆರ್‌ಡಿಎಂಎ ಕನೆಕ್ಷನ್ ನೋಡ್ಕೊಳ್ಳೋ ಭಾಗ) ತನ್ನ ಪೋರ್ಟ್ ಲೆಕ್ಕ ಬ್ಯಾರೆ ಇಟ್ಕೊತದ, ಕರ್ನಲ್ (ಲಿನಕ್ಸಿನ ತಿರುಳು) ಟಿಸಿಪಿ ತಂದು ಬ್ಯಾರೆ. ಅದಕ್ಕ ಎರಡೂ ಬೈಂಡ್ ಆದ್ವು (ಅದೇ ಪೋರ್ಟ್ ಹಿಡಿದ್ವು). ಹೊರಗಿನಿಂದ 9000ಕ್ಕ ಬಂದ ಸಿನ್ ಪ್ಯಾಕೆಟ್ಟನ್ನ (ಕನೆಕ್ಷನ್ ಶುರು ಮಾಡೋ ಪ್ಯಾಕೆಟ್) ಕಾರ್ಡ್ ಮೊದಲs ಹಿಡಿತದ, ಕರ್ನಲ್ಲಿಗೆ ಸುದ್ದಿನೂ ಇಲ್ಲ. ಆಮ್ಯಾಲ ಕಾರ್ಡಿಗೆ ಬೇಕಾಗಿರೋದು ‘ಎಂಪಿಎ ಐಡಿ ರೆಕ್ ಫ್ರೇಮ್’ ಅನ್ನೋ 16 ಬೈಟಿನ ಗುರುತು. ಬಂದಿದ್ದು ಬ್ರೌಸರಿನ ‘ಗೆಟ್’ (ಪುಟ ಕೊಡು ಅನ್ನೋ ಕೇಳಿಕೆ). ಕಟ್ ಮಾಡತದ. ಸರ್ವರಿನೊಳಗಿಂದ ತೆಗೆದಾಗ ಲೂಪ್‌ಬ್ಯಾಕಿನಾಗ (ಮಷೀನಿನ ಒಳದಾರಿ) ಹೋಗತದ, ಕಾರ್ಡ್ ಮುಟ್ಟೋದಿಲ್ಲ. ಅದಕ್ಕ ಅಲ್ಲಿ ನಡೀತದ.

ಖಾತ್ರಿ ಮಾಡ್ಕೋಬೇಕಂದ್ರ ‘ಎಸ್‌ಎಸ್’ (ಕರ್ನಲ್ ಪೋರ್ಟ್ ತೋರಿಸೋ) ಕಮಾಂಡಿನಾಗ ಡ್ಯಾಶ್‌ಬೋರ್ಡ್ ಒಂದs ಕಾಣತದ, ‘ಆರ್‌ಡಿಎಂಎ ರಿಸೋರ್ಸ್ ಶೋ ಸಿಎಂ-ಐಡಿ’ ಹೊಡೆದ್ರ ಇನ್ನೊಂದು 9000 ಸಿಗತದ. ಟಿಸಿಪಿಡಂಪಿನಾಗ (ಪ್ಯಾಕೆಟ್ ನೋಡೋ ಟೂಲ್) ಹುಡುಕಬ್ಯಾಡ್ರಿ, ಕಾರ್ಡ್ ನುಂಗಿದ ಪ್ಯಾಕೆಟ್ ಅಲ್ಲಿಗೆ ಬರೋದs ಇಲ್ಲ.

ಗೋಕುಲ ರೋಡ್: ಎರಡೂ ಲೆಕ್ಕ ಒಂದs ಮಾಡೋ ಸೆಟ್ಟಿಂಗ್ ಕರ್ನಲ್ಲಿನಾಗ ಇಲ್ಲೇನ್ರಿ?

ಸಾಧನಕೇರಿ: 2007ರಾಗ ಅಂಥಾ ಪ್ಯಾಚ್ (ಕೋಡ್ ತಿದ್ದುಪಡಿ) ಬಂದಿತ್ತು. ನೆಟ್‌ವರ್ಕಿಂಗ್ ನೋಡ್ಕೊತಿದ್ದ ಡೇವಿಡ್ ಮಿಲ್ಲರ್ ಒಪ್ಪಲಿಲ್ಲ. ಕಾರ್ಡಿನ ಟಿಸಿಪಿ ಸಲುವಾಗಿ ಕರ್ನಲ್ ತನ್ನ ಪೋರ್ಟ್ ಬಿಟ್ಟುಕೊಡಬಾರದು ಅನ್ನೋದು ಅವರ ವಾದ. ಕೆಲಸ ಮಾಡೋರಿಗೆ ತೊಂದರೆ ಆತು ಖರೆ, ಆದ್ರ ನನಗ ಅವರ ಮಾತs ಸರಿ ಅನಸ್ತದ.

ಬೆಟಗೇರಿ, ಗದಗ: ಎಲ್ಲಕ್ಕಿಂತ ಸರಳ ದಾರಿ, ಕಾರ್ಡಿಗೆ ಎರಡನೇ ಐಪಿ ಕೊಡ್ರಿ. ಮೊದಲನೇದು 10.10.0.11 ಇದ್ರ ಅದೇ ಇಂಟರ್‌ಫೇಸಿಗೆ 10.20.0.11/24 ಸೇರಿಸ್ರಿ, ಆ ಕಡೆ 10.20.0.12. ಸಬ್‌ನೆಟ್ (ಐಪಿಗಳ ಗುಂಪು) ಬ್ಯಾರೆ ಇರಲಿ. ಒಂದs ಸಬ್‌ನೆಟ್ಟಿನಾಗ ಎರಡು ಇಂಟರ್‌ಫೇಸ್ ಇದ್ರ ಎಆರ್‌ಪಿ (ಈ ಐಪಿ ಯಾವ ಕಾರ್ಡಿಂದು ಅಂತ ಕೇಳೋದು) ಉತ್ತರ ತಪ್ಪು ಕಡೆಯಿಂದ ಹೋಗತದ, ಆಗ ‘ಎಆರ್‌ಪಿ-ಇಗ್ನೋರ್’ 1 ಮಾಡಬೇಕಾಗತದ.

ಭಾಳ ಮಂದಿ ಇಲ್ಲೇ ಎಡವತಾರ: ಐಪಿ ಕೊಟ್ಟು, ಪ್ರೋಗ್ರಾಂ 0.0.0.0 (ಎಲ್ಲಾ ಐಪಿ) ಮ್ಯಾಲ ಬಿಡತಾರ. ಆಗ ಕಾರ್ಡ್ ಎರಡೂ ಐಪಿಯ 9000 ಹಿಡಿತದ, ಮತ್ತ ಅದೇ ಗೋಳು. ಆರ್‌ಡಿಎಂಎ ಪ್ರೋಗ್ರಾಂ 10.20.0.11ಕ್ಕs ಬೈಂಡ್ ಆಗಬೇಕು. ಡ್ಯಾಶ್‌ಬೋರ್ಡ್ 0.0.0.0 ಇದ್ರೂ ನಡೀತದ, ಹಳೇ ಐಪಿಯಿಂದ ತೆಗೀರಿ.

ಹಾವೇರಿ: ಕರ್ನಲ್ಲಿನ ‘ಲೋಕಲ್ ರಿಸರ್ವ್ಡ್ ಪೋರ್ಟ್ಸ್’ ಸೆಟ್ಟಿಂಗಿನಾಗ 9000 ಬರೆದ್ರ ಸಾಕಾಗೋದಿಲ್ಲೇನ್ರಿ?

ಬೆಟಗೇರಿ: ಇಲ್ರಿ. ಅದು ಕರ್ನಲ್ ತಾನಾಗಿ ಆರಿಸೋ ಪೋರ್ಟಿಗೆ ಅಷ್ಟs ತಡೆ, ಮಾಮೂಲಿ 32768ರಿಂದ 60999. ಯಾವುದಾದ್ರೂ ಪ್ರೋಗ್ರಾಂ ‘ನನಗ 9000ನs ಬೇಕು’ ಅಂತ ಕೇಳಿದ್ರ ಕೊಟ್ಟುಬಿಡತದ. ಕಾರ್ಡಿನ ಪೋರ್ಟ್ ಆ ರೇಂಜಿನಾಗ ಇದ್ರ ಮಾತ್ರ ಉಪಯೋಗ.

ವಿದ್ಯಾನಗರ, ಹುಬ್ಬಳ್ಳಿ: ಐಪಿ ಬದಲಿ ಮಾಡಾಕ ಆಗದಿದ್ರ ಪೋರ್ಟ್ ಮ್ಯಾಪರ್ ಅದ, ‘ಐಡಬ್ಲ್ಯೂಪಿಎಂಡಿ’. ಕರ್ನಲ್ಲಿಗೆ ಇದರ ಬೆಂಬಲ 2014ರಾಗ ಬಂತು, ಈಗ ಆರ್‌ಡಿಎಂಎ-ಕೋರ್ ಪ್ಯಾಕೇಜ್ ಜೊತಿ ಸಿಗತದ. ಪ್ರೋಗ್ರಾಂ 9000 ಕೇಳಿದಾಗ ಇದು ಕರ್ನಲ್ ಕಡೆಯಿಂದ ಖಾಲಿ ಪೋರ್ಟ್ ಒಂದನ್ನ ಸಾಕೆಟ್ ತೆರೆದು ಹಿಡ್ಕೊತದ, ಕಾರ್ಡ್ ಅದರ ಮ್ಯಾಲ ಕೂಡತದ. ಆ ಕಡೆಯವರು ಯುಡಿಪಿ 3935 ಪೋರ್ಟಿನಾಗ ‘ನಿಮ್ಮ 9000 ಈಗ ಎಲ್ಲೈತಿ?’ ಅಂತ ಕೇಳತಾರ.

ಅದಕ್ಕ ಎರಡೂ ಸರ್ವರಿನಾಗ ಓಡಬೇಕು. ಕನೆಕ್ಷನ್ ತಗೊಳ್ಳೋ ಕಡೆ ಅಷ್ಟs ಹಚ್ಚಿದ್ರ ಕ್ಲೈಂಟ್ ಹಳೇ 9000ಕ್ಕ ಹೋಗತದ, ಕೇಳೋ ಕಾರ್ಡ್ ಅಲ್ಲಿರೋದಿಲ್ಲ. ಮೊದಲು ಮ್ಯಾಪರ್, ಆಮ್ಯಾಲ ನಿಮ್ಮ ಪ್ರೋಗ್ರಾಂ. ನಡುವೆ ಬ್ಯಾರೆ ಫೈರ್‌ವಾಲ್ ಪೆಟ್ಟಿಗಿ ಇದ್ರ 3935 ಜೊತಿ ಮ್ಯಾಪ್ ಆದ ಟಿಸಿಪಿ ರೇಂಜೂ ತೆಗೀಬೇಕು. ಎರಡs ಸರ್ವರ್ ಇದ್ದಲ್ಲಿ ನಾನಾದ್ರ ಬೆಟಗೇರಿಯವರು ಹೇಳಿದ ಎರಡನೇ ಐಪಿನs ಹಚ್ಚತೀನಿ.

ಇನ್ನೊಂದು: ಸರ್ವರಿನ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮ ಕಾರ್ಡಿನ ಕನೆಕ್ಷನ್ನಿಗೆ ಹತ್ತೋದಿಲ್ಲ. 10.20 ಸಬ್‌ನೆಟ್ಟಿಗೆ ಯಾರು ಬರಬಹುದು ಅನ್ನೋದನ್ನ ಸ್ವಿಚ್ಚಿನಾಗs ಬಿಗೀರಿ.