ಅಪ್‌ಡೇಟ್: ಫಾರ್ಮ್ ಬಾಕ್ಸ್‌ಗಳಲ್ಲಿ ಕನ್ನಡ ಫಾಂಟ್ ಸರಿಯಾಯಿತು
ಮಡಿಕೇರಿ ಹತ್ತಿರದ ಹೋಂಸ್ಟೇ ಒಂದರ ಬುಕಿಂಗ್ ಫಾರ್ಮ್ ಬಗ್ಗೆ ಕೇಳಿದ್ದೆ. ಸಿಎಸ್‌ಎಸ್‌ನಲ್ಲಿ (ಪೇಜಿನ ರೂಪ ಹೇಳುವ ಕೋಡ್) ಬಾಡಿ ಅನ್ನುವ ಇಡೀ ಪೇಜಿನ ಭಾಗಕ್ಕೆ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟಿದ್ದರೂ ಹೆಸರು, ಊರು ತುಂಬುವ ಬಾಕ್ಸ್‌ಗಳಲ್ಲಿ ಮಾತ್ರ ಬೇರೆ ಫಾಂಟ್ ಬರುತ್ತಿತ್ತು. ಈಗ ಸರಿಯಾಗಿದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಕಾರಣವೇ ನಿಜ. ಇನ್‌ಪುಟ್, ಟೆಕ್ಸ್ಟ್‌ಏರಿಯಾ, ಸೆಲೆಕ್ಟ್, ಬಟನ್ ಅನ್ನುವ ಫಾರ್ಮ್‌ನ ಭಾಗಗಳಿಗೆ ಬ್ರೌಸರ್ ತನ್ನದೇ ಫಾಂಟ್ ಹಾಕಿರುತ್ತದೆ. ಅದಕ್ಕೇ ಬಾಡಿಯ ಫಾಂಟ್ ಅಲ್ಲಿಗೆ ಇಳಿಯುವುದಿಲ್ಲ. ಈ ನಾಲ್ಕನ್ನೂ ಅಲ್ಪವಿರಾಮ ಹಾಕಿ ಒಂದೇ ಸೆಲೆಕ್ಟರ್‌ನಲ್ಲಿ (ಯಾವ ಭಾಗಕ್ಕೆ ನಿಯಮ ಅಂತ ಹೇಳುವ ಹೆಸರು) ಸೇರಿಸಿ, ಫಾಂಟ್‌ಗೆ ಇನ್‌ಹೆರಿಟ್, ಅಂದರೆ ಹೊರಗಿನ ಭಾಗದ್ದನ್ನೇ ತಗೋ, ಅಂತ ಕೊಟ್ಟೆ. ಅಷ್ಟೇ.

ಆದರೆ ಊರಿನ ಬಾಕ್ಸ್ ಮಾತ್ರ ಬಗ್ಗಲಿಲ್ಲ. ಹಳೇ ಥೀಮ್‌ನಲ್ಲಿ ಟೈಪ್ ಟೆಕ್ಸ್ಟ್ ಅಂತ ಬರೆದಿರುವ ಇನ್‌ಪುಟ್‌ಗೆಂದೇ ಬೇರೆ ಫಾಂಟ್ ಕೊಡುವ ಆಟ್ರಿಬ್ಯೂಟ್ ಸೆಲೆಕ್ಟರ್ ಇತ್ತು. ಬರೀ ಇನ್‌ಪುಟ್ ಅನ್ನುವುದಕ್ಕಿಂತ ಅದರ ತೂಕ ಜಾಸ್ತಿ ಅಲ್ವಾ, ಹಾಗಾಗಿ ಅದೇ ಗೆಲ್ಲುತ್ತಿತ್ತು. ಬೇರೆ ನಿಯಮಗಳನ್ನು ಮೀರಿಸುವ ಇಂಪಾರ್ಟೆಂಟ್ ಗುರುತು ಹಾಕಿ ಸುಮ್ನೆ ಮುಚ್ಚಿಡುವುದು ನನಗೆ ಇಷ್ಟವಿಲ್ಲ. ಆ ಹಳೇ ಸಾಲನ್ನೇ ತೆಗೆದೆ.

ಇನ್ನೊಂದು ವಿಷಯ, ಕನ್ನಡದಲ್ಲಿ ಫಾರ್ಮ್ ಮಾಡುವವರು ದಯವಿಟ್ಟು ಗಮನಿಸಿ. ಗೋಣಿಕೊಪ್ಪಲು ಅಂತ ಟೈಪ್ ಮಾಡಿದರೆ ಪಕಾರದ ಒತ್ತು ಕೆಳಗೆ ಅರ್ಧ ಕತ್ತರಿಸಿಹೋಗುತ್ತಿತ್ತು. ಪೊನ್ನಂಪೇಟೆಯದೂ ಅದೇ ಗತಿ. ಬಾಕ್ಸ್‌ಗೆ ಪಿಕ್ಸೆಲ್‌ನಲ್ಲಿ ಎತ್ತರ ಕಟ್ಟಿಹಾಕಿದ್ದೇ ಕಾರಣ. ಹೈಟ್ ತೆಗೆದು, ಲೈನ್-ಹೈಟ್ (ಸಾಲಿನ ಎತ್ತರ) 1.6 ಮಾಡಿ, ಮೇಲೆ ಕೆಳಗೆ ಸ್ವಲ್ಪ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟ ಮೇಲೆ ಒತ್ತು ಪೂರ್ತಿ ಕಾಣುತ್ತಿದೆ. ಅತಿಥಿಗಳು ತಮ್ಮೂರಿನ ಹೆಸರನ್ನು ಇಡಿಯಾಗಿ ನೋಡಬೇಕು, ನನಗೆ ಅದು ಮುಖ್ಯ.

ಅಕ್ಷರದ ಗಾತ್ರ 16 ಪಿಕ್ಸೆಲ್ ಇಟ್ಟಿದ್ದೇನೆ. ಅದಕ್ಕಿಂತ ಕಡಿಮೆಯಿದ್ದರೆ ಐಫೋನ್ ಸಫಾರಿ ಬಾಕ್ಸ್ ಮುಟ್ಟಿದ ತಕ್ಷಣ ಪೇಜನ್ನೇ ಜೂಮ್ ಮಾಡಿಬಿಡುತ್ತದೆ. ಪ್ಲೇಸ್‌ಹೋಲ್ಡರ್‌ನ (ಖಾಲಿ ಬಾಕ್ಸ್‌ನಲ್ಲಿ ಕಾಣುವ ಸೂಚನೆಯ) ಬಣ್ಣ ಇನ್ನೂ ತೀರಾ ತಿಳಿಯಾಗಿದೆ, ಅದನ್ನು ಈ ವಾರ ನೋಡುತ್ತೇನೆ.