ಮದುವೆಗೆ ಹೆಲಿಕಾಪ್ಟರ್ ಬಾಡಿಗೆ: ಕೊಡಗಿನಲ್ಲಿ ಇಳಿಸಿದವರೂ ಇಳಿಸಲಾಗದವರೂ

ಪ್ರಶ್ನೆ, ಗೋಣಿಕೊಪ್ಪಲಿನಿಂದ: ಡಿಸೆಂಬರಿನಲ್ಲಿ ತಂಗಿಯ ಮದುವೆಯಿದೆ. ಬೆಂಗಳೂರಿನ ಜಕ್ಕೂರು ವಿಮಾನನೆಲೆಯಿಂದ ಹೆಲಿಕಾಪ್ಟರ್ ತರಿಸಿ, ಮನೆಯ ಮುಂದಿನ ಕೊಯ್ಲಾದ ಗದ್ದೆಯಲ್ಲಿ ಇಳಿಸಿ, ಸಂಜೆ ಆರೂವರೆಗೆ ವಧೂವರರನ್ನು ಬೆಂಗಳೂರಿಗೆ ಕಳುಹಿಸಬೇಕೆಂದಿದ್ದೇವೆ. ನಿಯಮಗಳ ಅನುಭವವಿರುವವರು ದಯವಿಟ್ಟು ತಿಳಿಸಿ.

ಸಿದ್ದಾಪುರದ ಬೆಳೆಗಾರ: ನನ್ನ ಮಗಳ ಮದುವೆಯೂ ಡಿಸೆಂಬರಿನಲ್ಲೇ ಆಗಿತ್ತು. ಜಾಗದ ಒಪ್ಪಿಗೆ ಪತ್ರ, ಜಿಲ್ಲಾಧಿಕಾರಿಗಳ ಅನುಮತಿ, ಪೊಲೀಸರಿಗೆ ಮಾಹಿತಿ, ಅಗ್ನಿಶಾಮಕ ವಾಹನ, ಸುಣ್ಣದಲ್ಲಿ ಬರೆದ ಎಚ್ ಗುರುತು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ, ದೂಳು ಏಳದಂತೆ ಎರಡು ಟ್ಯಾಂಕರ್ ನೀರು, ಯಾವುದರಲ್ಲಿಯೂ ಕೊರತೆಯಿರಲಿಲ್ಲ. ಹುಣಸೂರಿನವರೆಗೆ ಆಕಾಶ ನಿಚ್ಚಳವಾಗಿತ್ತಂತೆ. ಅಲ್ಲಿಂದ ಮುಂದೆ ಮೋಡವು ಸಿಲ್ವರ್ ಓಕ್ ಮರಗಳ ತುದಿಗೇ ಇಳಿದಿತ್ತು. ನೆಲವನ್ನು ಕಣ್ಣಿನಿಂದ ನೋಡಿಕೊಂಡೇ ಹಾರಬೇಕಾದ ಹಾರಾಟವಾದ್ದರಿಂದ ಪೈಲಟ್ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ತಿರುಗಿಸಿದರು, ಎರಡು ಗಂಟೆ ಕಾದರು, ಮತ್ತೆ ಜಕ್ಕೂರಿಗೆ ಹೋದರು. ಹಾರಿದ್ದು 2 ಗಂಟೆ 10 ನಿಮಿಷ. ಗಂಟೆಗೆ 1,20,000ದಂತೆ 2,60,000, ಕಾದದ್ದಕ್ಕೆ 30,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 52,200, ಒಟ್ಟು 3,42,200 ರೂಪಾಯಿ. ಸೀಟಿನ ಲೆಕ್ಕದಲ್ಲಿ ಹೋಗುವವರಿಗೆ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಲು 2024ರಲ್ಲಿ ತೀರ್ಮಾನವಾಯಿತು. ಇಡೀ ಹೆಲಿಕಾಪ್ಟರ್ ಹಿಡಿದವರಿಗೆ ಆ ಭಾಗ್ಯವಿಲ್ಲ. ಮಗಳು ಜೀಪಿನಲ್ಲಿ ಹೋದಳು.

ವಿರಾಜಪೇಟೆಯ ವರನ ಅಣ್ಣ: ಇಷ್ಟು ಹಣ ಕೊಟ್ಟವರ ಬಗ್ಗೆ ಕನಿಕರವಾಗುತ್ತದೆ. ನಾವು ಪರಿಚಿತರೊಬ್ಬರ ಸ್ವಂತ ಆರ್44 ಎಂಬ ಸಣ್ಣ ಹೆಲಿಕಾಪ್ಟರ್ ತರಿಸಿ, ಇಂಧನದ ಖರ್ಚಿನ ಮೇಲೆ ಪ್ರೀತಿಯಿಂದ 60,000 ಕೊಟ್ಟೆವು. ಹತ್ತು ನಿಮಿಷವೂ ತಡವಾಗದೆ ಇಳಿಯಿತು.

ಮಡಿಕೇರಿಯ ನಿವೃತ್ತ ವಾಯುಸೇನಾ ಸಿಬ್ಬಂದಿ: ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಿದಂತೆಯೇ ಇದು. ಖಾಸಗಿ ಬಳಕೆಗೆ ನೋಂದಣಿಯಾದ ಹೆಲಿಕಾಪ್ಟರಿನಲ್ಲಿ ಹಣಕ್ಕೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಅದಕ್ಕೆ ನಾಗರಿಕ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎಯಿಂದ ನಾನ್ ಷೆಡ್ಯೂಲ್ಡ್ ಆಪರೇಟರ್ ಪರ್ಮಿಟ್, ಅಂದರೆ ಬಾಡಿಗೆ ಹಾರಾಟದ ಪರವಾನಗಿ, ಇರಬೇಕು. ಏನಾದರೂ ಅನಾಹುತವಾಗಿದ್ದರೆ ವಿಮೆಯವರು ನಿಮ್ಮ ಪ್ರೀತಿಯನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರೇ? ಆರ್44ಗೆ ಇರುವುದು ಒಂದೇ ಎಂಜಿನ್. ಅದು ನಿಂತರೆ, ಕೆಳಗಿಳಿಯುವಾಗ ಗಾಳಿಗೆ ತಿರುಗುವ ರೆಕ್ಕೆಯ ಬಲದಲ್ಲೇ ಇಳಿಯಬೇಕು. ನಾಗರಹೊಳೆಯ ಕಾಡಿನ ಮೇಲೆ ಎಲ್ಲಿ ಇಳಿಯುತ್ತೀರಿ?

ವಿರಾಜಪೇಟೆಯ ವರನ ಅಣ್ಣ: ತಾವು ಎಷ್ಟು ಮದುವೆಗಳಿಗೆ ಹೆಲಿಕಾಪ್ಟರ್ ತರಿಸಿದ್ದೀರಿ ಎಂಬುದನ್ನು ಮೊದಲು ತಿಳಿಸಬೇಕು.

ಪೊನ್ನಂಪೇಟೆಯವರು: ಜಗಳ ಆಮೇಲಿರಲಿ. ನಮ್ಮಲ್ಲಿ ಪರ್ಮಿಟ್ ಇದ್ದ ಹೆಲಿಕಾಪ್ಟರೇ ಬಂದಿತ್ತು, ಮೋಡವೂ ಇರಲಿಲ್ಲ. ಅದು ಗದ್ದೆಯ ಮೇಲೆ ಬರುತ್ತಿದ್ದಂತೆ ಸಂಭ್ರಮದಲ್ಲಿ ಮಾವನವರು ಕೋವಿಯಿಂದ ಎರಡು ಗುಂಡು ಹಾರಿಸಿಬಿಟ್ಟರು. ಪೈಲಟ್ ಮೇಲಕ್ಕೇರಿ, ಕೋವಿಗಳೆಲ್ಲ ಮನೆಯೊಳಗೆ ಹೋಗುವವರೆಗೆ 20 ನಿಮಿಷ ಸುತ್ತಿದರು. ಎರಡು ಗುಂಡಿಗೆ 40,000 ರೂಪಾಯಿ ಹೆಚ್ಚಿನ ಬಾಡಿಗೆ. ಆಮೇಲೆ ವರನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಾಂಪ್ರದಾಯಿಕ ಕೊಡವ ಕಿರುಗತ್ತಿಯಾದ ಪೀಚೆಕತ್ತಿಯನ್ನು ಕಳಚಿಸಿ ಸಾಮಾನಿನ ಡಿಕ್ಕಿಯಲ್ಲಿಡಿಸಿದರು. ಆ ಅವಮಾನವನ್ನು ನಮ್ಮ ಮನೆಯವರು ಇಂದಿಗೂ ಮರೆತಿಲ್ಲ.

ಮಡಿಕೇರಿಯ ನಿವೃತ್ತ ವಾಯುಸೇನಾ ಸಿಬ್ಬಂದಿ: ಅದರಲ್ಲಿ ಅವಮಾನವೇನಿದೆ? ವಿಮಾನದೊಳಗೆ ಆಯುಧ ಒಯ್ಯುವುದಕ್ಕೆ ನಿಯಮವಿದೆ. ಮೇಲಿಂದ ಹೂವು ಸುರಿಸುವುದಕ್ಕೂ ಪ್ರತ್ಯೇಕ ಅನುಮತಿ ಬೇಕು.

ಪೊನ್ನಂಪೇಟೆಯವರು: ಪೀಚೆಕತ್ತಿಯನ್ನು ಆಯುಧವೆಂದು ಕೊಡಗಿನವರೇ ಹೇಳುವ ಕಾಲ ಬಂತು.

ಪ್ರಶ್ನೆ ಕೇಳಿದವರು: ಹಿರಿಯರೇ, ನನ್ನ ಸಂಜೆ ಆರೂವರೆಯ ವಿಷಯವನ್ನು ಯಾರೂ ಹೇಳಲಿಲ್ಲ.

ಸಿದ್ದಾಪುರದ ಬೆಳೆಗಾರ: ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತದೆ. ಗದ್ದೆಯಿಂದ ಕತ್ತಲಲ್ಲಿ ಏರಲು ಯಾವ ಪೈಲಟ್ಟೂ ಒಪ್ಪುವುದಿಲ್ಲ. ನಾಲ್ಕು ಗಂಟೆಯೊಳಗೆ ಕಳುಹಿಸಿಕೊಡಿ. ಜೀಪೊಂದನ್ನೂ ಹೇಳಿಟ್ಟಿರಿ.

ವಿರಾಜಪೇಟೆಯ ವರನ ಅಣ್ಣ: ಜೀಪಿಗೂ ಹಳದಿ ಬೋರ್ಡ್ ಇದೆಯೇ ಎಂದು ಮಡಿಕೇರಿಯವರನ್ನು ಒಮ್ಮೆ ಕೇಳಿಕೊಳ್ಳಿ.